ಪಾತ್ರಕ್ಕೆ ಹೆಸರಿಡುವ ಮೊದಲು ಅದರ ಅಪ್ಪ-ಅಮ್ಮನನ್ನು ಹುಡುಕಿ

ಕಥೆ ಬರೆಯಲು ಕೂತವರು ಪಾತ್ರದ ಹೆಸರಿಗೆ ತಡಕಾಡಿದಾಗ ಮೊಬೈಲ್ ತೆಗೆದು ‘ಅರ್ಥಪೂರ್ಣ ಹೆಸರುಗಳು’ ಅಂತ ಹುಡುಕುವುದು ಈಗ ಮಾಮೂಲು. ಅಲ್ಲಿ ಸಿಗುವ ಪಟ್ಟಿಗಳೆಲ್ಲ ಇವತ್ತು ಹುಟ್ಟುತ್ತಿರುವ ಕೂಸುಗಳಿಗಾಗಿ ಮಾಡಿದವು. ಯಾವ ಹೆಸರು ಒತ್ತಿದರೂ ಅರ್ಥ ಒಂದೇ ತರಹ: ತೇಜಸ್ಸುಳ್ಳವನು, ಗೆಲ್ಲುವವನು, ದೇವರ ಕೃಪೆ. ಅಲ್ಲಿಂದ ಎತ್ತಿಕೊಂಡ ‘ವಿಹಾನ್’ನನ್ನು ತಂದು 1955ರ ಅರಕಲಗೂಡಿನ ರಾಗಿ ಹೊಲದಲ್ಲಿ ಕುಂಟೆ ಹೊಡೆಯಲು ನಿಲ್ಲಿಸಿದರೆ ಓದುಗರು ಮೂರನೇ ಸಾಲಿಗೇ ಎದ್ದು ಹೋಗುತ್ತಾರೆ. ಎತ್ತುಗಳೂ ನಂಬುವುದಿಲ್ಲ.

ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕುವುದು ಆಮೇಲಿನ ಕೆಲಸ. ಅದನ್ನು ಇಟ್ಟವರು ಯಾರು, ಯಾಕೆ ಇಟ್ಟರು, ದಿನಾ ಯಾರು ಹೇಗೆ ಕರೆಯುತ್ತಾರೆ ಎಂಬುದರಲ್ಲಿ ಅರ್ಥದ ಮುಕ್ಕಾಲು ಪಾಲು ಇರುತ್ತದೆ. ಧರ್ಮರಾಜ ಎಂಬ ಹೆಸರಿನವನು ಧರ್ಮಿಷ್ಠನೇ ಆಗಿರಬೇಕಿಲ್ಲ. ಅವನಪ್ಪನಿಗೆ ಒಂದು ಆಸೆ ಇತ್ತು ಎಂಬುದು ಮಾತ್ರ ಖಾತ್ರಿ. ಹಾಸನ, ಚಿಕ್ಕಮಗಳೂರು ಸೀಮೆಯನ್ನಿಟ್ಟುಕೊಂಡು ಬರೆಯುವವರಿಗೆ ಅನುಕೂಲವಾಗಲಿ ಎಂದು ಹೆಸರು ಕಟ್ಟುವ ದಾರಿಯನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಬೇರೆ ಸೀಮೆಯವರು ದೇವರುಗಳನ್ನೂ ಊರುಗಳನ್ನೂ ಬದಲಿಸಿಕೊಂಡರಾಯಿತು.

ಮೊದಲು ನಾಲ್ಕು ಸಾಲಿನ ಜಾತಕ

ಹೆಸರು ಹೊಳೆಯುವ ಮೊದಲೇ ಒಂದು ಹಾಳೆಯಲ್ಲಿ ನಾಲ್ಕು ಉತ್ತರ ಬರೆದುಕೊಳ್ಳಿ. ಹುಟ್ಟಿದ್ದು ಯಾವ ವರ್ಷ? ಯಾವ ಊರ ಕಡೆ? ಹೆಸರು ಇಟ್ಟಿದ್ದು ಯಾರು? ಆ ಹೆಸರು ಮನೆಯಲ್ಲಿ ಯಾರಿಗೆ ಹಿಡಿಸಲಿಲ್ಲ?

ನಾಲ್ಕನೆಯ ಪ್ರಶ್ನೆಯನ್ನು ಬಿಡಬೇಡಿ. ಕಥೆ ಹುಟ್ಟುವುದು ಅಲ್ಲೇ. ಮೊದಲ ಮೊಮ್ಮಗನಿಗೆ ತಾತನ ಹೆಸರು ಇಡಬೇಕೆಂಬುದು ನಮ್ಮ ಬಹಳ ಮನೆಗಳ ರೂಢಿ. ತಾತ ಬದುಕಿದ್ದರೆ ಸೊಸೆಗೆ ಪೇಚಾಟ: ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ, ಹೆತ್ತ ಮಗನನ್ನು ಬಯ್ಯದೆ ಇರಲೂ ಆಗುವುದಿಲ್ಲ. ಅದಕ್ಕೇ ಆ ಕೂಸು ಮನೆಯಲ್ಲಿ ‘ಪುಟ್ಟ’ ಆಗುತ್ತದೆ. ಅರವತ್ತು ದಾಟಿ, ಮೊಮ್ಮಕ್ಕಳನ್ನು ಕಂಡ ಮೇಲೂ ಊರಿಗೆಲ್ಲ ಪುಟ್ಟಣ್ಣನಾಗೇ ಉಳಿಯುತ್ತಾನೆ. ಅವನ ನಿಜವಾದ ಹೆಸರು ಪಹಣಿಯಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ. ಹೀಗೆ ಕಟ್ಟಿದ ಪುಟ್ಟಣ್ಣನ ಹೆಸರಿನೊಳಗೆ ಒಬ್ಬ ಗತ್ತಿನ ಮಾವ, ಒಬ್ಬ ಸೊಸೆ, ಒಂದು ಹೇಳದ ಮಾತು ಆಗಲೇ ಬಂದು ಕೂತಿರುತ್ತವೆ.

ಹೆಸರಿಡುವುದಕ್ಕೆ ಹಿರಿಯರ ನೆನಪು ಒಂದು ಕಾರಣ. ಹರಕೆ ಇನ್ನೊಂದು. ಜನ್ಮನಕ್ಷತ್ರದ ಪಾದಕ್ಕೆ ಬಂದ ಅಕ್ಷರ ಮತ್ತೊಂದು. ಪುಷ್ಯ ನಕ್ಷತ್ರದ ಕೂಸಿಗೆ ‘ಹು, ಹೆ, ಹೊ, ಡ’ದಲ್ಲೇ ಹೆಸರು ಹುಡುಕಬೇಕಾಗಿ ಬಂದು ಮನೆಮಂದಿಯೆಲ್ಲ ತಲೆ ಕೆರೆದುಕೊಳ್ಳುವ ದೃಶ್ಯವನ್ನು ಯಾರು ಬೇಕಾದರೂ ಬರೆಯಬಹುದು. ಶಾಸ್ತ್ರ ನೋಡುವ ಮನೆಗಳಲ್ಲಿ ನಾಮಕರಣದ ದಿನ ಅಕ್ಕಿ ಹರವಿದ ತಟ್ಟೆಯ ಮೇಲೆ ಚಿನ್ನದ ಉಂಗುರದಿಂದ ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಅಂತ ಬೇರೆ ಬೇರೆ ಬರೆಯುತ್ತಾರೆ. ಅಂದರೆ ಒಂದೇ ಜೀವಕ್ಕೆ ಅಧಿಕೃತವಾಗಿಯೇ ಎರಡು-ಮೂರು ಹೆಸರು. ಅದರಲ್ಲಿ ಒಂದನ್ನು ಪುರೋಹಿತರಿಗೆ ಬಿಟ್ಟು ಬೇರೆ ಯಾರೂ ಬಳಸುವುದಿಲ್ಲ.

ಇವೆಲ್ಲಕ್ಕಿಂತ ಗಟ್ಟಿ ಕಾರಣ ಭಯ. ಮಕ್ಕಳು ಹುಟ್ಟಿ ಹುಟ್ಟಿ ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದು ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಗುಂಡ, ಕಲ್ಲ, ಹುಚ್ಚಮ್ಮ ಇವೂ ಅದೇ ಬಗೆಯವು. ಸಾವಿನ ಕಣ್ಣಿಗೆ ಕೂಸು ಬೇಡದ ವಸ್ತುವಾಗಿ ಕಾಣಲಿ ಎಂಬ ಹಂಚಿಕೆ. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯ ಸಾಕಮ್ಮನ ಹೆಸರಿನಲ್ಲಿರುವ ನಿಟ್ಟುಸಿರು ಅವಳಿಗೆ ಬುದ್ಧಿ ಬಂದ ದಿನ ತಿಳಿಯುತ್ತದಲ್ಲ, ಆ ದಿನ ನಿಮ್ಮ ಕಥೆಯಲ್ಲಿ ಬರಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಿ. ತಿಳಿದಿದೆ ಎಂದು ಸೂಚಿಸಿ ಸುಮ್ಮನಾಗುವುದು ನನಗೆ ಹೆಚ್ಚು ಇಷ್ಟ.

ಇನ್ನು ಹೆಸರೇ ಇಡದೆ ಬಿಟ್ಟ ಕೂಸೂ ಒಂದು ಪಾತ್ರ. 1969ರ ಜನನ-ಮರಣ ನೋಂದಣಿ ಕಾಯ್ದೆಯಲ್ಲಿ ಹೆಸರಿಲ್ಲದೆಯೇ ಜನನ ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಲು ಅವಕಾಶವಿದೆ. ಅಪ್ಪನ ಮನೆಯವರಿಗೂ ಅಮ್ಮನ ಮನೆಯವರಿಗೂ ಒಮ್ಮತ ಬರುವ ತನಕ ಆ ಮಗು ಕಾಗದದ ಮೇಲೆ ಬರೀ ‘ಗಂಡು’ ಅಥವಾ ‘ಹೆಣ್ಣು’.

ಯಾವ ದೇವರ ನೆರಳು

ಹಾಸನ-ಚಿಕ್ಕಮಗಳೂರು ಅಂದರೆ ಒಂದೇ ಉಸಿರಿಗೆ ಮಲೆನಾಡು ಅನ್ನುವವರಿದ್ದಾರೆ. ಅರಸೀಕೆರೆಯಲ್ಲಿ ಒಂದು ಬೇಸಗೆ ಕಳೆದವರು ಹಾಗನ್ನುವುದಿಲ್ಲ. ಎರಡೂ ಜಿಲ್ಲೆಗಳಲ್ಲಿ ಅರ್ಧ ಬಯಲು, ಅರ್ಧ ಮಲೆ. ಹೆಸರುಗಳೂ ಆ ಗಡಿ ದಾಟುವಾಗ ಬಾಲ ಬದಲಿಸುತ್ತವೆ.

ಅರಸೀಕೆರೆ, ಕಡೂರು, ತರೀಕೆರೆಯ ಕಡೆ ‘ಅಪ್ಪ’ ಜೋರು. ಜೇನುಕಲ್ಲು ಸಿದ್ಧೇಶ್ವರನಿಂದ ಸಿದ್ದಪ್ಪ, ಸಿದ್ದೇಶ, ಸಿದ್ದಮ್ಮ. ಮರುಳಸಿದ್ಧನಿಗೆ ನಡೆದುಕೊಳ್ಳುವ ಮನೆಯಲ್ಲಿ ಮರುಳಸಿದ್ದಪ್ಪ. ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ನಡೆದುಕೊಳ್ಳುವವರಲ್ಲಿ ರೇಣುಕಪ್ಪ, ರೇವಣಸಿದ್ದಪ್ಪ. ಅಲ್ಲಿಂದ ಹೊಳೆನರಸೀಪುರ, ಚನ್ನರಾಯಪಟ್ಟಣಕ್ಕೆ ಬಂದರೆ ‘ಏಗೌಡ’ರ ಸೀಮೆ: ರಂಗೇಗೌಡ, ನಂಜೇಗೌಡ, ಜವರೇಗೌಡ, ಪುಟ್ಟೇಗೌಡ. ಹೊಳೆನರಸೀಪುರದ ಲಕ್ಷ್ಮೀನರಸಿಂಹನ ಹೆಸರಿನಲ್ಲಿ ನರಸೇಗೌಡರೂ ನರಸಮ್ಮಂದಿರೂ ಉಂಟು. ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನರ ಬೀದಿಯಲ್ಲಿ ಪದ್ಮರಾಜಯ್ಯ, ಪಾರ್ಶ್ವನಾಥ, ಸನ್ಮತಿ. ಆಲೂರಿನ ಕಡೆ ಹೊಸಕೋಟೆ ಕೆಂಚಮ್ಮನ ದಯೆಯಿಂದ ಕೆಂಚೇಗೌಡ, ಕೆಂಚಮ್ಮ. ಬೇಲೂರಿನಲ್ಲಿ ಚೆನ್ನಕೇಶವನನ್ನೇ ಎರಡು ಹೋಳು ಮಾಡಿ ಒಬ್ಬ ಮಗನಿಗೆ ಚೆನ್ನಯ್ಯ, ಇನ್ನೊಬ್ಬನಿಗೆ ಕೇಶವ ಎಂದಿಡಬಹುದು.

ಚಿಕ್ಕಮಗಳೂರಿನ ಸುತ್ತ ದೇವೀರಮ್ಮ. ಬೆಟ್ಟದ ಮೇಲಿನ ದೇವಿಗೆ ದೀಪಾವಳಿಯ ಹೊತ್ತಿಗೆ ಹತ್ತುವ ಜನರಲ್ಲಿ ‘ದೇವೀರಮ್ಮಾ’ ಅಂತ ಕೂಗಿದರೆ ತಿರುಗಿ ನೋಡುವ ಅಜ್ಜಿಯರು ಒಬ್ಬಿಬ್ಬರಲ್ಲ. ಬಾಬಾಬುಡನ್‌ಗಿರಿಯ ದಾದಾ ಹಯಾತ್ ಕಲಂದರರಿಗೆ ನಡೆದುಕೊಳ್ಳುವ ಮನೆಗೆ ಹಯಾತ್, ಕಲಂದರ್, ಬುಡನ್ ಸಾಬ್ ಒಪ್ಪುತ್ತವೆ. ನರಸಿಂಹರಾಜಪುರದ ಸಿಂಹನಗದ್ದೆಯ ಬಸದಿಯ ದೇವಿ ಜ್ವಾಲಾಮಾಲಿನಿ. ಇಷ್ಟು ಒಳ್ಳೆಯ ಹೆಸರು ಕಥೆಗಳಲ್ಲಿ ಯಾಕೆ ಸಿಗುವುದಿಲ್ಲವೋ. ಹೊರನಾಡಿನ ಅನ್ನಪೂರ್ಣ, ಶೃಂಗೇರಿಯ ಶಾರದೆ ಎಲ್ಲರಿಗೂ ಗೊತ್ತಿದ್ದದ್ದೇ. ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಧರ್ಮಸ್ಥಳದ ಮಂಜುನಾಥ ಮಾತ್ರ ಮೂಡಿಗೆರೆ, ಸಕಲೇಶಪುರ, ಕೊಪ್ಪ ಎನ್ನದೆ ಎಲ್ಲ ಕಡೆ ಹಬ್ಬಿದ್ದಾನೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಮುರುಗ, ಸೆಲ್ವಿಯರಿದ್ದಾರೆ; ಈಚೆಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರೂ ಇದ್ದಾರೆ. ತೋಟದ ಕಥೆ ಬರೆಯುವವರು ಬರೀ ಸಾಹುಕಾರರ ಮನೆಯ ಹೆಸರು ಕಲಿತರೆ ಸಾಲದು.

ಒಂದೇ ಊರಲ್ಲಿ ನಾಲ್ಕು ಮಂಜುನಾಥರಿದ್ದರೆ ಹೆದರಬೇಡಿ, ಊರು ಅದನ್ನು ಸಲೀಸಾಗಿ ಬಗೆಹರಿಸಿರುತ್ತದೆ: ಅಂಗಡಿ ಮಂಜ, ಮಿಲ್ ಮಂಜ, ಗಿಡ್ಡ ಮಂಜ, ಲೈನ್‌ಮ್ಯಾನ್ ಆಗಿರುವ ಕರೆಂಟ್ ಮಂಜ. ಮಲೆನಾಡಿನಲ್ಲಿ ಮನೆಯೇ ಮನುಷ್ಯನಿಗೆ ಅಂಟಿಕೊಳ್ಳುತ್ತದೆ: ಮೇಲಿನಮನೆ, ಹಿತ್ಲುಮನೆ, ತೋಟದಮನೆ. ‘ಹಿತ್ಲುಮನೆಯೋರು ಬಂದ್ರು’ ಅಂದರೆ ಸಾಕು, ಹೆಸರು ಬೇಕಿಲ್ಲ.

ತಲೆಮಾರು

ಇದಕ್ಕೆ ಹೆಚ್ಚು ವಿವರ ಬೇಡ. ನಿಂಗೇಗೌಡರ ಮಗ ಶಿವಲಿಂಗಯ್ಯ, ಅವರ ಮಗ ರಮೇಶ, ರಮೇಶನ ಮಗ ಯಶಸ್. ಹೆಣ್ಣಿನ ಕಡೆ ಕಾಳಮ್ಮ, ಜಯಮ್ಮ, ಸವಿತಾ, ಆದ್ಯಾ. ಈ ಏಣಿಯಲ್ಲಿ ಪಾತ್ರ ಯಾವ ಮೆಟ್ಟಿಲ ಮೇಲೆ ನಿಂತಿದೆ ಎಂದು ನೋಡಿ, ಒಂದು ಮೆಟ್ಟಿಲು ಹಿಂದೆ ಇಟ್ಟರೆ ಹಳೆಯ ಸಂಪ್ರದಾಯದ ಮನೆ, ಒಂದು ಮುಂದೆ ಇಟ್ಟರೆ ರೇಡಿಯೊ, ಸಿನಿಮಾ, ಪೇಟೆಯ ನಂಟು ಇರುವ ಮನೆ ಎಂದಾಗುತ್ತದೆ. ಹಳ್ಳಿಯ ಸರ್ಕಾರಿ ಶಾಲೆಯ ಹೆಡ್‌ಮೇಷ್ಟ್ರನ್ನೂ ಮರೆಯಬೇಡಿ. ಮಗುವನ್ನು ಸೇರಿಸಲು ಬಂದ ಅಪ್ಪ ‘ಮಂಜ’ ಅಂದರೆ ಮೇಷ್ಟ್ರು ‘ಮಂಜುನಾಥ’ ಎಂದು ಬರೆದುಕೊಂಡದ್ದು, ‘ಲಕ್ಕಿ’ಯನ್ನು ‘ಲಕ್ಷ್ಮೀದೇವಿ’ ಮಾಡಿದ್ದು ಎಷ್ಟೋ ಊರುಗಳ ಕಥೆ. ಆ ತಲೆಮಾರಿನ ಎಷ್ಟೋ ಜನರ ಎರಡನೇ ತಂದೆ ಈ ಮೇಷ್ಟ್ರು.

ಹೆಸರುಗಳನ್ನು ಕಲೆಹಾಕಲು ಹಳೆಯ ಲಗ್ನಪತ್ರಿಕೆಗಿಂತ ಒಳ್ಳೆಯ ಪುಸ್ತಕವಿಲ್ಲ. ಮೇಲ್ಗಡೆ ಕುಲದೇವರು. ಅದರ ಕೆಳಗೆ ‘ದಿವಂಗತ’ ಎಂದು ತಾತ-ಅಜ್ಜಿ. ಮಧ್ಯದಲ್ಲಿ ‘ಜ್ಯೇಷ್ಠ ಪುತ್ರ’, ‘ಕನಿಷ್ಠ ಪುತ್ರಿ’ ಎಂದು ವಧೂವರರು. ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರು ತಮ್ಮ ತಮ್ಮ ಕೆಲಸ, ಊರಿನ ಸಮೇತ. ಕಟ್ಟಕಡೆಗೆ, ಮೂಲೆಯಲ್ಲಿ, ‘ನಮ್ಮ ಅತ್ತೆ ಮದುವೆಗೆ ತಪ್ಪದೇ ಬನ್ನಿ’ ಅನ್ನುವ ಪುಟಾಣಿಗಳ ಹೆಸರು. ಒಂದೇ ಕಾರ್ಡಿನಲ್ಲಿ ನಾಲ್ಕು ತಲೆಮಾರು ಸಾಲಾಗಿ ನಿಂತಿರುತ್ತವೆ. ದೇವಸ್ಥಾನದ ಗೋಡೆಯ ದಾನಿಗಳ ಕಲ್ಲು, ಸ್ಕೂಲಿನ ರ್‍ಯಾಂಕ್ ಬೋರ್ಡು, ಬಸ್‌ಸ್ಟ್ಯಾಂಡ್ ಎದುರಿನ ಶ್ರದ್ಧಾಂಜಲಿ ಫ್ಲೆಕ್ಸು ಇವೂ ಸರಿಯೇ. ಆದರೆ ಯಾರದೇ ಪೂರ್ತಿ ಹೆಸರನ್ನು ಎತ್ತಬೇಡಿ. ಒಂದರ ತಲೆ, ಇನ್ನೊಂದರ ಬಾಲ ತೆಗೆದುಕೊಳ್ಳಿ.

ಯಾರು ಏನಂತ ಕರೆಯುತ್ತಾರೆ

ಇಲ್ಲಿ ನಿಧಾನ ಮಾಡಿ, ಕನ್ನಡದ ಹೆಸರು ಬದುಕುವುದು ಕರೆಯುವ ಬಾಯಿಯಲ್ಲಿ. ಒಂದು ಪಾತ್ರವನ್ನು ಕಟ್ಟಿಯೇ ತೋರಿಸುತ್ತೇನೆ.

ಸಕಲೇಶಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಕೆಲಸ ಮಾಡುವ ರೈಟರ್ ಬೇಕು ಅಂದುಕೊಳ್ಳಿ. ಆಳುಗಳ ಹಾಜರಿ ಬರೆಯುವವನು, ವಾರದ ಬಟವಾಡೆ ಮಾಡುವವನು. ಹುಟ್ಟಿದ್ದು 1958, ಕಡೂರಿನ ಬಯಲು ಸೀಮೆಯ ಒಂದು ಹಳ್ಳಿ. ಅವನಿಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ಅಜ್ಜಿ ತಿಪ್ಪೆಯ ಮೇಲೆ ಮಲಗಿಸಿ ಎತ್ತಿದಳು. ಹೆಸರು ‘ತಿಪ್ಪ’. ಹಿಡಿಸದವನು ಅಪ್ಪ, ನಾಕು ಅಕ್ಷರ ಕಲಿತಿದ್ದ ಮನುಷ್ಯ, ಊರವರ ಎದುರು ಮಾನ ಉಳಿಯಲಿ ಅಂತ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹರಕೆಯಿಂದ ಹುಟ್ಟಿದವನು ಎಂದು ಹೇಳಿ ಸ್ಕೂಲಿನಲ್ಲಿ ‘ತಿಪ್ಪೇರುದ್ರಪ್ಪ’ ಎಂದು ಬರೆಸಿದ. ಈಗ ಒಂದೇ ಹೆಸರಿಗೆ ಎರಡು ಮೂಲ. ಅಜ್ಜಿಗೆ ಗೊತ್ತಿರುವುದು ಒಂದು, ಊರಿಗೆ ಹೇಳಿದ್ದು ಇನ್ನೊಂದು.

ಹುಡುಗ ಕಾಲೇಜಿಗೆ ಹೋದ. ಅಲ್ಲಿ ಹುಡುಗರು ‘ತಿಪ್ಪೆ’ ಅಂತ ಆಡಿಕೊಂಡರು. ಅಂದಿನಿಂದ ಸಹಿ ‘ಟಿ. ರುದ್ರಪ್ಪ’. ತೋಟಕ್ಕೆ ಬಂದ ಮೇಲೆ ಆಳುಗಳಿಗೆ ‘ರೈಟ್ರು’. ಸಾಹುಕಾರರಿಗೆ ‘ರುದ್ರಪ್ಪ’, ಸಿಟ್ಟು ಬಂದರೆ ‘ಏನಯ್ಯಾ’. ಪೇಟೆಯ ಹೋಟೆಲಿನ ಸ್ನೇಹಿತರಿಗೆ ‘ರುದ್ರಣ್ಣ’. ಹೆಂಡತಿ ಹೆಸರೇ ಹೇಳುವುದಿಲ್ಲ. ಎದುರಿಗೆ ‘ಏನ್ರೀ’, ಬೇರೆಯವರ ಹತ್ತಿರ ‘ನಮ್ಮನೆಯವ್ರು’. ಮಗಳ ಶಾಲೆಯಲ್ಲಿ ‘ಸುಮಾ ಅವರ ತಂದೆ’. ಆಧಾರ್ ಕಾರ್ಡಿನಲ್ಲಿ ‘ರುದ್ರಪ್ಪ ಟಿ’.

ಇಷ್ಟು ಬರೆದಿಟ್ಟುಕೊಂಡ ಮೇಲೆ ಕಥೆಗೆ ಬೇಕಾದ್ದು ಒಂದೇ ಒಂದು ದೃಶ್ಯ. ಬಟವಾಡೆಯ ದಿನ, ಆಳುಗಳೆಲ್ಲ ಸಾಲಾಗಿ ನಿಂತಿರುವಾಗ, ಊರಿನಿಂದ ಹುಡುಕಿಕೊಂಡು ಬಂದ ಮುದುಕನೊಬ್ಬ ಗೇಟಿನ ಹತ್ತಿರ ನಿಂತು ‘ತಿಪ್ಪಾ’ ಅಂತ ಕೂಗುತ್ತಾನೆ. ಯಾರೂ ತಿರುಗುವುದಿಲ್ಲ. ರೈಟರ ಪೆನ್ನು ನಿಲ್ಲುತ್ತದೆ. ಈ ಹೆಸರಿಗೆ ಏನು ಅರ್ಥ ಎಂದು ನೀವು ಎಲ್ಲೂ ವಿವರಿಸಬೇಕಾಗಿಲ್ಲ.

ನಿಮ್ಮ ಮುಖ್ಯ ಪಾತ್ರಗಳಿಗೆಲ್ಲ ಹೀಗೊಂದು ಪಟ್ಟಿ ಮಾಡಿ: ಹೆತ್ತವರು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಸ್ನೇಹಿತ, ವೈರಿ, ಮೇಲಿನವರು, ಕೈಕೆಳಗಿನವರು, ಸರ್ಕಾರಿ ಕಾಗದ. ಹೆಸರು ಒಡೆಯುವ ರೀತಿ ತಿಳಿದಿರಲಿ. ಶ್ರೀನಿವಾಸ ಸೀನ ಆಗುತ್ತಾನೆ, ಸೀನಣ್ಣ ಆಗುತ್ತಾನೆ. ನಾರಾಯಣ ನಾಣಿ, ಕೃಷ್ಣ ಕಿಟ್ಟಿ, ಸುಬ್ರಹ್ಮಣ್ಯ ಸುಬ್ಬನೂ ಹೌದು ಮಣಿಯೂ ಹೌದು. ನಮ್ಮ ಹಳ್ಳಿಯ ಹಿರಿಯರ ಬಾಯಲ್ಲಿ ಶಾಂತಮ್ಮ ಸಾಂತಮ್ಮ, ದೇವಮ್ಮ ದ್ಯಾವಮ್ಮ, ಭಾಗ್ಯ ಬಾಗ್ಯ. ಸಂಭಾಷಣೆಯಲ್ಲಿ ಇದನ್ನು ಹದವಾಗಿ ಬಳಸಿ. ಪ್ರತಿ ಸಾಲಿನಲ್ಲೂ ‘ಸಾಂತಮ್ಮ’ ಬಂದರೆ ಹಳ್ಳಿಯವರನ್ನು ಅಣಕಿಸಿದ ಹಾಗೆ ಕಾಣುತ್ತದೆ.

ನಿರೂಪಕ ಏನನ್ನುತ್ತಾನೆ ಎಂಬುದೂ ಇಲ್ಲೇ ತೀರ್ಮಾನವಾಗಬೇಕು. ‘ರಂಗೇಗೌಡ ಬಂದ’ ಮತ್ತು ‘ರಂಗೇಗೌಡರು ಬಂದರು’ ಎರಡು ಬೇರೆ ಕಥೆಗಳು. ಸಾಹುಕಾರರಿಗೆಲ್ಲ ‘ಅವರು’, ಆಳಿಗೆಲ್ಲ ‘ಅವನು’ ಎಂದು ಬರೆದುಕೊಂಡು ಹೋದರೆ ನೀವು ಯಾರ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೀರಿ ಎಂಬುದು ಓದುಗರಿಗೆ ಕಾಣುತ್ತದೆ. ಬೇಕೆಂದೇ ಮಾಡುವುದಾದರೆ ಮಾಡಿ, ಅರಿವಿಲ್ಲದೆ ಬೇಡ.

ಇನಿಷಿಯಲ್

ನಮ್ಮ ಕಡೆ ಮನೆತನದ ಹೆಸರನ್ನು ಕೊನೆಗೆ ಅಂಟಿಸುವ ರೂಢಿ ಕಡಿಮೆ. ಮುಂದೆ ಎರಡು ಅಕ್ಷರ ಇರುತ್ತವೆ. ಸಾಮಾನ್ಯವಾಗಿ ಮೊದಲನೆಯದು ಊರು, ಎರಡನೆಯದು ಅಪ್ಪ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹೆಸರು ಇದಕ್ಕೆ ಒಳ್ಳೆಯ ಮಾದರಿ: ‘ಎಚ್’ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ, ‘ಡಿ’ ತಂದೆ ದೊಡ್ಡೇಗೌಡರು. ಎರಡು ಅಕ್ಷರದಲ್ಲಿ ನೆಲವೂ ಬಂತು, ಬೇರೂ ಬಂತು. ಊರು ಬಿಟ್ಟು ಬೆಂಗಳೂರಿಗೆ ಹೋದ ಪಾತ್ರ ಊರಿನ ಅಕ್ಷರವನ್ನು ಮೊದಲು ಕೈಬಿಡುತ್ತದೆಯೋ, ಅಪ್ಪನದನ್ನೋ? ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಕಾಲಂ ಎದುರು ಪೆನ್ನು ಹಿಡಿದು ಕೂತ ಹುಡುಗಿ ಏನು ತುಂಬುತ್ತಾಳೆ? ಮದುವೆಯಾದ ಮೇಲೆ ಅಪ್ಪನ ಅಕ್ಷರದ ಜಾಗಕ್ಕೆ ಗಂಡನದು ಬರುತ್ತದೆಯೋ ಇಲ್ಲವೋ? ಇಂಥ ಸಣ್ಣ ಸಂಗತಿಗಳಲ್ಲಿ ಒಂದನ್ನು ಆರಿಸಿಕೊಂಡರೂ ಸಾಕು.

ಹೊಯ್ಸಳರ ಕಾಲದ ಕಥೆಯಾದರೆ

ಇಲ್ಲಿ ನಮ್ಮ ಎರಡು ಜಿಲ್ಲೆಗಳ ಲೇಖಕರು ಪುಣ್ಯವಂತರು. ಕಲ್ಲುಗಳೇ ಹೆಸರಿನ ಕಣಜ. ಆದರೂ ಬಹಳ ಜನ ಬರೆಯುವ ಚಾರಿತ್ರಿಕ ಕಥೆಯಲ್ಲಿ ಎಲ್ಲರೂ ಚಂದ್ರಲೇಖೆ, ಮದನಿಕೆ, ವೀರಸೇನ. ಶಾಸನ ತೆರೆದರೆ ಬೇರೆಯೇ ಲೋಕ. ಶಾಂತಲೆಯ ತಾಯಿ ಮಾಚಿಕಬ್ಬೆ, ತಂದೆ ಮಾರಸಿಂಗಯ್ಯ. ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ, ಹೆಂಡತಿಯನ್ನು ಲಕ್ಕಲೆ ಎಂದೂ ಕರೆದಿದ್ದಾರೆ. ಶ್ರವಣಬೆಳಗೊಳದಲ್ಲಿ 1181ರಲ್ಲಿ ಅಕ್ಕನ ಬಸದಿ ಕಟ್ಟಿಸಿದ ಆಚಲದೇವಿ ‘ಆಚಿಯಕ್ಕ’. ಅಲ್ಲಿನ ಭಂಡಾರಿ ಬಸದಿ ಕಟ್ಟಿಸಿದ ಭಂಡಾರಿಯ ಹೆಸರು ಬರೀ ‘ಹುಳ್ಳ’. ಗಂಡಸರಲ್ಲಿ ಪುಣಿಸ, ಬೊಪ್ಪ, ಏಚ, ಎರೆಯಂಗ. ಶಿಲ್ಪಿಗಳಲ್ಲಿ ದಾಸೋಜ, ಅವನ ಮಗ ಚಾವಣ, ನಾಗೋಜ, ಮಲ್ಲಿತಮ್ಮ. ಕಸುಬುದಾರರಿಗೆ ‘ಓಜ’, ಹೆಂಗಸರಿಗೆ ‘ಅಬ್ಬೆ’, ‘ಅಕ್ಕ’, ‘ಅಲೆ’, ಊರ ಮುಖಂಡನಿಗೆ ‘ಗಾವುಂಡ’: ಈ ಬಾಲಗಳನ್ನು ಹಿಡಿದು ನೀವೇ ಹೊಸ ಹೆಸರು ಕಟ್ಟಬಹುದು. ಮಾರೋಜ, ಕೇತಿಯಬ್ಬೆ, ಬೊಮ್ಮಗಾವುಂಡ ಎಂದರೆ ಕಿವಿಗೆ ಹನ್ನೆರಡನೇ ಶತಮಾನದ ಗಾಳಿ ತಾಗುತ್ತದೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವಿದೆ. ಸುಮಾರು ಕ್ರಿ.ಶ. 450ರದ್ದು ಎನ್ನುವ ಆ ಕಲ್ಲಿನಲ್ಲಿ ಹಲ್ಮಿಡಿ ‘ಪಲ್ಮಡಿ’, ಊರು ಪಡೆದ ವೀರ ‘ವಿಜ ಅರಸ’. ‘ಹ’ಕಾರದ ಜಾಗದಲ್ಲಿ ‘ಪ’ಕಾರ ಇಟ್ಟ ಮಾತ್ರಕ್ಕೆ ಊರು ಎಷ್ಟು ಹಳತಾಯಿತು ನೋಡಿ. ಪುರಾಣದಂಥ,ಕಲ್ಪಿತ ಲೋಕದ ಕಾದಂಬರಿ ಬರೆಯುವ ಹುಡುಗರು ಇಂಗ್ಲಿಷ್ ಸೀರಿಯಲ್ಲುಗಳಿಂದ ಹೆಸರು ತರುವ ಬದಲು ಈ ಕೀಲಿಯನ್ನು ತಿರುಗಿಸಿ ನೋಡಬಹುದು: ಹಾಲು-ಪಾಲ್, ಹೂ-ಪೂ, ಹುಲಿ-ಪುಲಿ. ‘ಪುಲಿಯರಸ’ನಿಗೆ ನಮ್ಮ ನೆಲದ ವಾಸನೆ ಇದೆ.

ನಾಡಿನ ಶಾಸನಗಳನ್ನು ಒಟ್ಟುಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಎರಡನೇ ಸಂಪುಟ ಶ್ರವಣಬೆಳಗೊಳದ್ದು, ಐದನೆಯದು ಹಾಸನ ಜಿಲ್ಲೆಯದು, ಆರನೆಯದು ಹಿಂದೆ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ಚಿಕ್ಕಮಗಳೂರಿನದು; ಅದನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯ ಸಂಖ್ಯೆಗಳಿವು. ಓದಲು ಹೆದರಿಕೆಯಾದರೆ ಹೆಸರುಗಳ ಸೂಚಿಯನ್ನಷ್ಟೇ ತಿರುವಿ ಹಾಕಿ.

ಒಂದು ಎಚ್ಚರ. ಹಳೆಯದೆಲ್ಲ ಇಂದಿನ ಕಿವಿಗೆ ಹೊಂದುವುದಿಲ್ಲ. 1117ರಲ್ಲಿ ಬೇಲೂರಿನ ದೇವಾಲಯ ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ಮನೆಯ ಹೆಸರು ಬಿಟ್ಟಿದೇವ, ಬಿಟ್ಟಿಗ. ಸಿಂಹಾಸನದ ದೃಶ್ಯದಲ್ಲಿ ‘ಬಿಟ್ಟಿ’ ಎಂದು ಕರೆದರೆ ಓದುಗರು ನಕ್ಕುಬಿಡುತ್ತಾರೆ. ಅದನ್ನು ತಾಯಿಯ ಬಾಯಿಗೆ, ಅಂತಃಪುರದ ಒಳಗೆ ಇಟ್ಟುಕೊಳ್ಳಿ. ಅಲ್ಲಿ ಅದೇ ಹೆಸರು ಮುದ್ದಾಗುತ್ತದೆ.

ಹೆಸರಿನ ಜೊತೆ ಬರುವ ಜಾತಿ

ನಮ್ಮಲ್ಲಿ ಹೆಸರು ಕೇಳಿದ ಕೂಡಲೇ ಜಾತಿ ಊಹಿಸುವವರು ಇದ್ದೇ ಇದ್ದಾರೆ. ಗೌಡ, ಶೆಟ್ಟಿ, ಭಟ್ಟ, ಆಚಾರಿ ಎಂದು ಬರೆದ ಮೇಲೆ ‘ನಾನು ಹಾಗಂದುಕೊಂಡಿರಲಿಲ್ಲ’ ಎಂದರೆ ನಡೆಯುವುದಿಲ್ಲ. ಕಥೆಯ ಕೆಟ್ಟವರೆಲ್ಲ ಒಂದೇ ಬಾಲದವರಾಗಿದ್ದಾರೆಯೇ, ಹಾಸ್ಯಕ್ಕೆ ಗುರಿಯಾಗುವವರೆಲ್ಲ ಒಂದೇ ಸಮುದಾಯದವರೇ ಎಂದು ಕರಡು ಮುಗಿದ ಮೇಲೆ ಒಮ್ಮೆ ಪಟ್ಟಿ ಮಾಡಿ ನೋಡಿ.

ದಲಿತ ಪಾತ್ರಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಮೇಲ್ಜಾತಿಯ ಮುದುಕನಿಗೆ ‘ಅಯ್ಯ’, ‘ಅಪ್ಪ’ ಸೇರಿಸಿ ಕರೆದ ಊರೇ ಕೇರಿಯ ಮುದುಕನನ್ನು ‘ಕರಿಯ’, ‘ತಿಮ್ಮ’ ಎಂದು ಮೊಂಡಾಗಿ ಕರೆದದ್ದು ಚರಿತ್ರೆ. ಅದನ್ನು ಬರೆಯುವಾಗ ಕರೆದವನ ಬಾಯಿಗೆ ಆ ಹೆಸರನ್ನು ಕೊಡಿ. ನಿರೂಪಣೆಯೂ ಅದನ್ನೇ ಹಾಡಿಕೊಂಡು ಹೋಗುವುದು ಬೇಡ. ಅವನ ಕೇರಿಯಲ್ಲಿ ಅವನು ಕರಿಯಣ್ಣನೋ ಕರಿಯಪ್ಪನೋ ಆಗಿರುತ್ತಾನೆ. ಅವನ ಮೊಮ್ಮಗ ಅಫಿಡವಿಟ್ ಮಾಡಿಸಿ, ‘ಇಂದಿನಿಂದ ನನ್ನನ್ನು ಸಿದ್ಧಾರ್ಥ ಎಂದು ಕರೆಯತಕ್ಕದ್ದು’ ಎಂದು ಪತ್ರಿಕೆಯಲ್ಲಿ ನಾಲ್ಕು ಸಾಲಿನ ಜಾಹೀರಾತು ಕೊಡುತ್ತಾನೆ ಅಂದುಕೊಳ್ಳಿ. ಆ ಜಾಹೀರಾತಿನ ಪುಟವನ್ನು ಎಂದಾದರೂ ಗಮನವಿಟ್ಟು ಓದಿ. ಸಾಲಿಗೊಂದು ಕಾದಂಬರಿ ಇದೆ ಅಲ್ಲಿ. ತನ್ನ ಹೆಸರನ್ನು ತಾನೇ ಇಟ್ಟುಕೊಂಡ ಪಾತ್ರ ಬೇಕಿದ್ದರೆ ಅಲ್ಲಿಂದ ಶುರುಮಾಡಿ.

ನಿಘಂಟು ತೆರೆಯುವ ಹೊತ್ತು

ಇಷ್ಟಾದ ಮೇಲೆ ಬೇಕಿದ್ದರೆ ಪದದ ಅರ್ಥಕ್ಕೆ ಹೋಗಿ. ಮೊಬೈಲಿನ ಪಟ್ಟಿಗಳನ್ನು ನೆಚ್ಚಬೇಡಿ, ಎಷ್ಟೋ ಅರ್ಥಗಳು ಯಾರೋ ಕೂತು ಹುಟ್ಟಿಸಿದವು. 1894ರ ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ನೋಡಿ.

ಅರ್ಥ ಮತ್ತು ಬಾಳು ನೇರವಾಗಿ ಹೊಂದಿಕೊಂಡರೆ ರುಚಿಯಿಲ್ಲ. ಮೋಸ ಮಾಡುವವನಿಗೆ ಶಕುನಿ ಎಂದಿಟ್ಟರೆ ಮೊದಲ ಪುಟದಲ್ಲೇ ಕಥೆ ಮುಗಿಯಿತು. ತಿರುಗುಮುರುಗು ಮಾಡುವುದೂ, ಅಂದರೆ ಕುರುಡಿಗೆ ಸುಲೋಚನಾ, ಭಿಕ್ಷುಕನಿಗೆ ಕುಬೇರ, ತುಂಬಾ ಸವೆದ ದಾರಿ. ಓರೆಯಾಗಿ ತಾಗುವ ಹೆಸರು ಒಳ್ಳೆಯದು. ಹೊರನಾಡಿನ ಹರಕೆಯಿಂದ ಹುಟ್ಟಿದ ಅನ್ನಪೂರ್ಣ ಎಂಬುವಳು ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರ ಮೆಸ್ ನಡೆಸುತ್ತಾಳೆ, ಮಧ್ಯಾಹ್ನ ಮೂರು ಗಂಟೆಯ ತನಕ ಅವಳಿಗೇ ಊಟವಿಲ್ಲ. ಇದನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸಬೇಡಿ. ‘ನಿನ್ನ ಹೆಸರಿಗೆ ತಕ್ಕ ಹಾಗೆ ಇದ್ದೀಯಲ್ಲಮ್ಮಾ’ ಎಂದು ಗಿರಾಕಿಯೊಬ್ಬ ಅಂದುಬಿಟ್ಟರೆ ಅವಳ ತಟ್ಟೆಯ ಅನ್ನವೂ ಹೋಯಿತು, ಕಥೆಯೂ ಹೋಯಿತು.

ಊರನ್ನೂ ಕಟ್ಟಿಕೊಳ್ಳಿ

ನಿಜವಾದ ಊರು, ನಿಜವಾದ ಇನಿಷಿಯಲ್, ಅಲ್ಲಿ ಸಾಮಾನ್ಯವಾದ ಹೆಸರು ಮೂರೂ ಸೇರಿದರೆ ಆ ಹೆಸರಿನ ಮನುಷ್ಯ ನಿಮ್ಮ ಮನೆ ಬಾಗಿಲಿಗೆ ಬಂದಾನು. ತಾಲ್ಲೂಕು ನಿಜವಿರಲಿ, ಹಳ್ಳಿ ನಿಮ್ಮದಾಗಿರಲಿ. ಬಯಲಿನಲ್ಲಿ ಹಳ್ಳಿ, ಪುರ, ಗೆರೆ, ಘಟ್ಟ. ಮಲೆನಾಡಿನಲ್ಲಿ ಕೊಪ್ಪ, ಗದ್ದೆ, ಮಕ್ಕಿ, ಬೈಲು, ಕೊಡಿಗೆ. ಮುಂದೆ ಒಂದು ಮರವೋ ಪ್ರಾಣಿಯೋ ಸೇರಿಸಿ: ನೇರಲಮಕ್ಕಿ, ಕಡವೆಬೈಲು, ಹೊಂಗೆಘಟ್ಟ. ಆ ಹೆಸರಿನ ಊರು ನಿಜವಾಗಿ ಇದೆಯೇ ಎಂದು ಮ್ಯಾಪಿನಲ್ಲಿ ನೋಡಿಕೊಳ್ಳಿ, ಬಹಳ ಸಲ ಇರುತ್ತದೆ.

ಕೊನೆಗೆ ವಿಭಕ್ತಿ ಹಚ್ಚಿ ನೋಡಿ

ಹೆಸರು ಆಯ್ತು ಅನ್ನಿಸಿದಾಗ ಅದಕ್ಕೆ ವಿಭಕ್ತಿಗಳನ್ನೆಲ್ಲ ಹಚ್ಚಿ ಗಟ್ಟಿಯಾಗಿ ಓದಿ. ಕಾದಂಬರಿಯಲ್ಲಿ ಹೆಸರು ಒಂಟಿಯಾಗಿ ಬರುವುದು ಅಪರೂಪ. ‘ಇಗೆ’, ‘ಅನ್ನು’, ‘ಇಂದ’ ಹೊತ್ತುಕೊಂಡೇ ನಡೆಯಬೇಕು. ರುದ್ರಪ್ಪನಿಗೆ, ಗಣಪತಿಗೆ ಸಲೀಸು. ಮಧು ಎಂದಿಟ್ಟರೆ ಮಧುಗೆಯೋ ಮಧುವಿಗೆಯೋ ಎಂದು ಪ್ರತಿ ಸಲ ತಡವರಿಸುತ್ತೀರಿ. ವ್ಯಂಜನಕ್ಕೆ ನಿಲ್ಲುವ ಯಶಸ್‌ಗೆ, ವಿಹಾನ್‌ನನ್ನು ಎಂಬಲ್ಲಿ ಸಾಲು ಮುಗ್ಗರಿಸುತ್ತದೆ. ಈ ಹೊಸ ಹೆಸರಿನ ಹುಡುಗನೇ ನಾಯಕನಾದರೆ ಅವನಿಗೊಂದು ಕರೆಯುವ ಹೆಸರು ಮೊದಲ ಪುಟದಲ್ಲೇ ಕೊಟ್ಟುಬಿಡಿ, ಮುನ್ನೂರು ಪುಟ ಸುಖವಾಗಿ ಸಾಗುತ್ತದೆ. ಹಾಗೇ ಮಂಜ, ಮಹೇಶ, ಮಲ್ಲೇಶ, ಮಾದೇಶ ಒಂದೇ ಅಧ್ಯಾಯದಲ್ಲಿ ಬೇಡ. ಮೊದಲ ಅಕ್ಷರ ಬೇರೆಯಿದ್ದರೂ ರಮೇಶ, ಸುರೇಶ, ಗಿರೀಶ ಕಿವಿಯಲ್ಲಿ ಕಲಸಿಹೋಗುತ್ತಾರೆ.

ಅರ್ಧ ಬರೆದ ಮೇಲೆ ಹೆಸರು ಬದಲಿಸಬೇಕೆನ್ನಿಸಿದರೆ ಕಂಪ್ಯೂಟರಿಗೆ ಒಂದೇ ಏಟಿಗೆ ‘ಎಲ್ಲಾ ಬದಲಿಸು’ ಎಂದು ಹೇಳಬೇಡಿ. ‘ರಂಗ’ನನ್ನು ‘ಗಣಪತಿ’ ಮಾಡಲು ಹೋದರೆ ‘ರಂಗನಿಗೆ’ ಇದ್ದದ್ದು ‘ಗಣಪತಿನಿಗೆ’ ಆಗುತ್ತದೆ, ‘ಬಹಿರಂಗ’ ಎಂಬುದು ‘ಬಹಿಗಣಪತಿ’ಯಾಗಿ ಅಚ್ಚಿಗೆ ಹೋಗುತ್ತದೆ. ಹೊಸ ಹೆಸರು ಹಳೆಯದರ ಸ್ವರದಲ್ಲೇ ಮುಗಿಯುವಂತೆ ನೋಡಿಕೊಂಡು, ಒಂದೊಂದೇ ಜಾಗ ನಿಲ್ಲಿಸಿ ಬದಲಿಸಿ. ಹೆಸರು ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಮೊದಲ ಕರಡಿನಲ್ಲಿ ಕನ್ನಡದ ಯಾವ ಮಾತಿನೊಳಗೂ ಬಾರದ ಒಂದು ಗುರುತು ಹಾಕಿಕೊಳ್ಳುವುದು ಜಾಣತನ. ‘ಝಝ’ ಅಂತಿಟ್ಟು ಝಝನಿಗೆ, ಝಝನಿಂದ ಎಂದು ಬರೆಯುತ್ತಾ ಹೋದರೆ ಆಮೇಲೆ ‘ಅ’ಕಾರಕ್ಕೆ ನಿಲ್ಲುವ ಯಾವ ಗಂಡಸಿನ ಹೆಸರಾದರೂ ಅಲ್ಲಿ ಕೂರುತ್ತದೆ. ಹೆಂಗಸಿನ ಪಾತ್ರಕ್ಕೆ ಮಾತ್ರ ಬೇರೆ ಗುರುತು ಬೇಕು. ಸಾವಿತ್ರಮ್ಮನಿಗೆ ಆದರೆ ಗಂಡಸಿನ ಹಾಗೇ ‘ನಿಗೆ’ ಸಾಕು. ಸಾವಿತ್ರಿಗೆ ಎಂದಾಗ ‘ನಿ’ ಬಿದ್ದುಹೋಗುತ್ತದೆ, ಸವಿತಾಳಿಗೆ ಎಂದಾಗ ‘ಳಿ’ ಬರುತ್ತದೆ.